ಕೆಲಸದ ಗಂಟೆ ಸಡಿಲವಿರಲಿ, ಗುಂಡಿ ಬದಲಾದ ಸುದ್ದಿ ಅಂದೇ ಬರಲಿ

ಮಾನ್ಯ ಸಂಪಾದಕರೇ,

ಮನೆಯಿಂದ ಕೆಲಸ ಮಾಡುವುದು ಒಳ್ಳೆಯದೋ, ಕಚೇರಿಗೆ ಹೋಗಿ ಮಾಡುವುದು ಒಳ್ಳೆಯದೋ ಎಂದು ನಿಮ್ಮ ಓದುಗರ ಪತ್ರಗಳಲ್ಲಿ ಕೆಲವು ವಾರಗಳಿಂದ ಚರ್ಚೆ ನಡೆದಿದೆ. ಬರೆದವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಇಂಜಿನಿಯರುಗಳು. ನಾನು ಅವರ ಪಕ್ಕದ ಮೇಜಿನವಳು. ಅವರು ಮಾಡಿದ ವಸ್ತುವನ್ನು ಜನ ಹೇಗೆ ಬಳಸಬೇಕೆಂದು ಬರೆದುಕೊಡುವವಳು. ಕಂಪನಿಗಳಲ್ಲಿ ನಮಗೆ ಟೆಕ್ನಿಕಲ್ ರೈಟರ್ ಎನ್ನುತ್ತಾರೆ, ನಮ್ಮ ವಿಭಾಗಕ್ಕೆ ಡಾಕ್ಯುಮೆಂಟೇಷನ್ ಎನ್ನುತ್ತಾರೆ. ನಮ್ಮಮ್ಮ ‘ಮ್ಯಾನ್ಯುಯಲ್ ಬರೆಯೋ ಕೆಲಸ’ ಅನ್ನುತ್ತಾಳೆ. ಅವಳ ಮಾತೇ ಸರಿ. 21 ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ನನ್ನದು. ಈಗ ಪೀಣ್ಯದ ಕಡೆ ಆರು ಜನರ ತಂಡವೊಂದನ್ನು ನೋಡಿಕೊಳ್ಳುತ್ತಿದ್ದೇನೆ.

ಆ ಪತ್ರಗಳಲ್ಲಿ ಒಂದನ್ನು ನಾನು ಎರಡು ಸಲ ಓದಿದೆ. ‘ಫ್ಲೆಕ್ಸಿಬಲ್ ಎಂದರೆ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತಬೇಕು ಎಂದರ್ಥ’ ಎಂದು ಒಬ್ಬ ತರುಣ ಬರೆದಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ನಮ್ಮಂಥ ತಂಡಗಳಲ್ಲಿ ತೊಂದರೆ ಶುರುವಾಗುವುದು ಗಂಟೆಗಳಿಂದಲ್ಲ, ಕೆಲಸದ ಸರದಿಯಿಂದ. ಬರೆಯುವವರನ್ನು ಸಾಲಿನ ಕಟ್ಟಕಡೆಗೆ ನಿಲ್ಲಿಸಿ, ಮುಂದಿನವರು ತಡ ಮಾಡಿದ್ದನ್ನೆಲ್ಲ ಅವರ ರಾತ್ರಿಗಳಿಂದ ತುಂಬಿಸಿಕೊಳ್ಳುವ ಪದ್ಧತಿ ಇರುವವರೆಗೆ ಎಲ್ಲಿ ಕೂತು ಕೆಲಸ ಮಾಡಿದರೂ ಒಂದೇ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಸುಟ್ಟ ಮೋಟರಿನಿಂದ ಕಲಿತೆ.

9 ವರ್ಷದ ಹಿಂದೆ ನಾನು ಬೇರೊಂದು ಕಂಪನಿಯಲ್ಲಿದ್ದೆ. ಅದು ಬೋರ್‌ವೆಲ್ ಮೋಟರಿನ ಡಿಜಿಟಲ್ ಸ್ಟಾರ್ಟರ್ ಪ್ಯಾನಲ್ ತಯಾರಿಸುತ್ತಿತ್ತು. ತೋಟ ಇರುವವರಿಗೆ ಈ ಪೆಟ್ಟಿಗೆ ಗೊತ್ತು. ಮೂರು ಫೇಸಿನಲ್ಲಿ ಒಂದು ಹೋದರೆ, ವೋಲ್ಟೇಜ್ ಏರಿದರೆ ಇಳಿದರೆ, ಬಾವಿಯಲ್ಲಿ ನೀರು ತೀರಿದರೆ ಮೋಟರನ್ನು ತಾನಾಗಿಯೇ ನಿಲ್ಲಿಸುತ್ತದೆ. ನೀರು ತೀರಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆಂದರೆ, ನೀರೆತ್ತುವ ಮೋಟರ್ ಇಷ್ಟು ಆಂಪ್ಸ್ ಕರೆಂಟು ಎಳೆಯುತ್ತದೆ ಎಂಬ ಲೆಕ್ಕವಿರುತ್ತದೆ; ನೀರಿಲ್ಲದೆ ಬರಿದೇ ತಿರುಗುವಾಗ ಆ ಎಳೆತ ಕಡಿಮೆಯಾಗುತ್ತದೆ. ಹಾಗಾಗಿ ಪ್ಯಾನಲ್ ಕೂರಿಸಿದ ದಿನ ಮೋಟರನ್ನು ತುಂಬು ನೀರಿನಲ್ಲಿ ಓಡಿಸಿ, ‘ಇದು ಸರಿಯಾದ ಆಂಪ್ಸ್, ನೆನಪಿಟ್ಟುಕೋ’ ಎಂದು ಅದಕ್ಕೆ ಕಲಿಸಬೇಕು. ನಾನು ಬರೆದ ಪುಸ್ತಿಕೆಯಲ್ಲಿ ಈ ಕೆಲಸಕ್ಕೆ ಒಂದೇ ಸಾಲು ಇತ್ತು: ಸೆಟ್ ಗುಂಡಿಯನ್ನು 5 ಸೆಕೆಂಡ್ ಒತ್ತಿ ಹಿಡಿಯಿರಿ.

ಪುಸ್ತಿಕೆ ಪ್ರೆಸ್ಸಿಗೆ ಹೋಗಬೇಕಿದ್ದದ್ದು ಒಂದು ಮಂಗಳವಾರ. ಅದರ ಹಿಂದಿನ ಗುರುವಾರ ಪ್ಯಾನಲಿನೊಳಗಿನ ಸಾಫ್ಟ್‌ವೇರಿನಲ್ಲಿ ಒಂದು ಬದಲಾವಣೆ ಆಯಿತು. ಮಕ್ಕಳು ಆಡುತ್ತಾ ಒಂದು ಗುಂಡಿ ಒತ್ತಿದರೂ ಸೆಟ್ಟಿಂಗ್ ಕೆಡುತ್ತದೆ ಎಂದು ಡೀಲರುಗಳು ದೂರಿದ್ದರು, ನ್ಯಾಯವಾದ ದೂರು. ಅದಕ್ಕೆ ಇಂಜಿನಿಯರು, ಆಂಪ್ಸ್ ಕಲಿಸಲು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು ಎಂದು ಮಾಡಿದರು. ಸೆಟ್ ಗುಂಡಿಯೊಂದನ್ನೇ 5 ಸೆಕೆಂಡ್ ಹಿಡಿದರೆ, ನೀರಿಲ್ಲದಾಗ ಮೋಟರ್ ನಿಲ್ಲಿಸುವ ‘ಡ್ರೈ ರನ್’ ರಕ್ಷಣೆಯೇ ಬಂದ್ ಆಗುವ ಹಾಗೆ ಇಟ್ಟರು, ಸರ್ವಿಸಿನವರಿಗೆ ಪರೀಕ್ಷೆ ಮಾಡಲು ಅನುಕೂಲವಾಗಲೆಂದು. ಇಂಥ ಪ್ರತಿ ಬದಲಾವಣೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಚೀಟಿಗೆ ಟಿಕೆಟ್ಟು ಎನ್ನುತ್ತಾರೆ; ಆ ಟಿಕೆಟ್ಟಿನಲ್ಲಿ ಬರೆದದ್ದು ‘ಕೀಪ್ಯಾಡ್ ಸರಿಪಡಿಕೆ’ ಎಂಬ ಎರಡು ಪದ. ಅದು ನನ್ನ ತನಕ ಬರಲಿಲ್ಲ. ನಾನು ಆ ಶನಿವಾರ, ಭಾನುವಾರ ಎರಡೂ ರಾತ್ರಿ ಎದ್ದು ಕೂತು ಚಿತ್ರಗಳ ಅಂಚು ಸರಿ ಮಾಡುತ್ತಿದ್ದೆ, ಪುಟಸಂಖ್ಯೆ ನೋಡುತ್ತಿದ್ದೆ. ಮುಖ್ಯವಾದ ಒಂದು ಸಾಲು ಸುಳ್ಳಾಗಿ ಹೋಗಿತ್ತು, ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ತಿಪಟೂರು ಕಡೆಯಿಂದ ದೂರು ಬಂತು. ಅದು ನನ್ನ ತವರಿನ ಸೀಮೆಯಾದ್ದರಿಂದ ಸರ್ವಿಸ್ ಹುಡುಗನ ಜೊತೆ ನಾನೂ ಹೋದೆ. ತೆಂಗಿನ ತೋಟ. ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಬರುತ್ತಿದ್ದರಿಂದ ಮೋಟರನ್ನು ಆಟೊದಲ್ಲಿ ಬಿಟ್ಟು ಮಲಗುತ್ತಿದ್ದರು. ಬೇಸಿಗೆಯಲ್ಲಿ ನೀರು ಕೆಳಗಿಳಿದಿದೆ, ಮೋಟರ್ ರಾತ್ರಿಯಿಡೀ ಬರಿದೇ ತಿರುಗಿದೆ. ನೀರೇ ಅದನ್ನು ತಂಪಿಡಬೇಕಾದ್ದು. ನೀರಿಲ್ಲದೆ ವೈಂಡಿಂಗ್ ಸುಟ್ಟಿದೆ. ನಾವು ಹೋದಾಗ ಮೋಟರ್ ಎತ್ತುವ ಗಾಡಿ ಇನ್ನೂ ಅಲ್ಲೇ ನಿಂತಿತ್ತು, ಪೈಪುಗಳು ಒಂದರ ಪಕ್ಕ ಒಂದು ತೋಟದ ಉದ್ದಕ್ಕೂ ಮಲಗಿದ್ದವು.

ಪಂಪ್ ಮನೆಯ ಗೋಡೆಗೆ ನಮ್ಮ ಪ್ಯಾನಲ್. ಅದರ ಪಕ್ಕ ಮೊಳೆಗೆ ಸುತ್ತಿದ ದಾರದಲ್ಲಿ ಪಾಲಿಥಿನ್ ಕವರು. ಕವರಿನೊಳಗೆ ನನ್ನ ಪುಸ್ತಿಕೆ. ಬಿಚ್ಚಿದೆ. ಇಂಗ್ಲಿಷ್ ಸಾಲುಗಳ ಮೇಲೆ ನೀಲಿ ಪೆನ್ನಿನಲ್ಲಿ ಯಾರೋ ಕನ್ನಡದಲ್ಲಿ ಬರೆದಿದ್ದರು: ‘ಮೊದಲು ನೀರು ಬರಲಿ’, ‘ಇದನ್ನು ಒತ್ತು’, ‘5 ಎಣಿಸು’. ಹೈಸ್ಕೂಲಿಗೆ ಹೋಗುವ ಮಗಳ ಕೈಬರಹವಂತೆ. ಚಿತ್ರದಲ್ಲಿನ ಸೆಟ್ ಗುಂಡಿಗೆ ಸುತ್ತು ಹಾಕಿ ಬಾಣದ ಗುರುತು ಮಾಡಿದ್ದಳು. ಆ ಮನೆಯ ಯಜಮಾನರು ಜಗಳಕ್ಕೆ ಬರಲಿಲ್ಲ. ‘ಬುಕ್ಕಲ್ಲಿ ಹೆಂಗೈತೋ ಹಂಗೇ ಒತ್ತಿದೀವಿ ಕಣಮ್ಮ’ ಅಂದರು, ಅಷ್ಟೆ. ಪ್ಯಾನಲಿನ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಡ್ರೈ ರನ್ ಆಫ್’ ಎಂದಿತ್ತು.

ಪುಸ್ತಿಕೆ ಓದದೆ ಹಾಳುಮಾಡಿಕೊಂಡರು ಎಂದು ಬಳಕೆದಾರರನ್ನು ದೂರುವುದು ನಮ್ಮ ಉದ್ಯೋಗದಲ್ಲಿ ರೂಢಿ. ಇಲ್ಲಿ ಓದಿದ್ದರು. ಓದಿ, ಅರ್ಥ ಬರೆದಿಟ್ಟುಕೊಂಡು, ಹೇಳಿದ ಹಾಗೇ ಮಾಡಿದ್ದರಿಂದಲೇ ಮೋಟರ್ ಸುಟ್ಟಿತು. ಕಂಪನಿ ಹೊಸ ಮೋಟರ್ ಕೊಟ್ಟಿತು, ಎತ್ತುವ ಗಾಡಿಯ ಬಾಡಿಗೆಯನ್ನೂ ಕೊಟ್ಟಿತು. ಆದರೂ ಆ ನೀಲಿ ಪೆನ್ನಿನ ಬರಹ ನನ್ನ ಕಣ್ಣಮುಂದಿನಿಂದ ಹೋಗಿಲ್ಲ.

ಬೆಂಗಳೂರಿಗೆ ಬಂದ ಮೇಲೆ ತಪ್ಪು ಯಾರದೆಂದು ಹುಡುಕುವ ಮೀಟಿಂಗ್ ಆಯಿತು. ಇಂಜಿನಿಯರು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದರು. ಟೆಸ್ಟಿಂಗ್‌ನವರು ಗುಂಡಿಗಳನ್ನು ಹೊಸ ರೀತಿಯಲ್ಲಿ ಒತ್ತಿ ನೋಡಿ ಪಾಸು ಮಾಡಿದ್ದರು. ಮ್ಯಾನ್ಯುಯಲ್ಲಿನ 140 ಪುಟದ ಪಿಡಿಎಫ್ ಅನ್ನು ನಾನು ಏಳು ಜನರಿಗೆ ರಿವ್ಯೂಗೆ ಕಳಿಸಿದ್ದೆ. ನಾಲ್ವರು ಉತ್ತರಿಸಲಿಲ್ಲ, ಮೂವರು ‘ಚೆನ್ನಾಗಿದೆ’ ಎಂದು ಬರೆದಿದ್ದರು. ಅವರಲ್ಲಿ ಒಬ್ಬರೂ ಆ ಸೆಟ್ ಗುಂಡಿಯ ಸಾಲಿದ್ದ 61ನೇ ಪುಟ ತೆರೆದಿರಲಿಲ್ಲ, ತೆರೆಯಲು ಸಮಯವೂ ಇರಲಿಲ್ಲ, ಏಕೆಂದರೆ ಅದೇ ವಾರ ಅವರಿಗೂ ತಮ್ಮ ಕೆಲಸ ಮುಗಿಸಿ ಹೊರಬಿಡುವ ರಿಲೀಸ್ ಗಡುವು. ಗುಂಡಿಯ ಕೆಲಸ ಬದಲಾಗಿದೆ ಎಂಬ ಸಂಗತಿ ನನ್ನ ಮೇಜಿಗೆ ನಡೆದು ಬರುವುದಕ್ಕೆ ಒಂದು ದಾರಿಯೇ ಇರಲಿಲ್ಲ. ಎಲ್ಲರೂ ದುಡಿದಿದ್ದೆವು.

ಆ ದಿನಗಳಲ್ಲಿ ಕಂಪನಿಯಲ್ಲಿ ‘ಅಜೈಲ್’ ಪದ್ಧತಿ, ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುವ ರೀತಿ, ಹೊಸದಾಗಿ ಬಂದಿತ್ತು. ‘ಸ್ಪ್ರಿಂಟು’ ಎಂಬ ಎರಡೆರಡು ವಾರದ ಕೆಲಸದ ಕಂತು, ದಿನಾ ಬೆಳಿಗ್ಗೆ ನಿಂತುಕೊಂಡೇ ಮಾಡುವ ಮೀಟಿಂಗು, ಗೋಡೆಯ ತುಂಬ ಹಳದಿ ಚೀಟಿಗಳು. ಬರೆಯುವವರನ್ನು ಅದರಲ್ಲಿ ಸೇರಿಸಿಕೊಳ್ಳಿ ಎಂದು ಕೇಳಿದಾಗ ಒಬ್ಬ ಮ್ಯಾನೇಜರ್ ನನಗೆ, ಅಜೈಲ್‌ನಲ್ಲಿ ಡಾಕ್ಯುಮೆಂಟೇಷನ್ ಬೇಡವೆಂದೇ ಇದೆ ಎಂದು ಉತ್ತರ ಕೊಟ್ಟಿದ್ದರು. ಈ ಮಾತನ್ನು ಇವತ್ತಿಗೂ ಕೇಳುತ್ತೇನೆ, ಆದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಪರಿಣತರು ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ದಪ್ಪ ದಪ್ಪ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರಿಗೆ ತಾವು ಹೆಚ್ಚು ಬೆಲೆ ಕೊಡುತ್ತೇವೆ ಎಂಬುದು ಅದರ ನಾಲ್ಕು ಹೋಲಿಕೆಗಳಲ್ಲಿ ಒಂದು. ಆದರೆ ಅದೇ ಪ್ರಣಾಳಿಕೆ, ಹಿಂದೆ ಇಟ್ಟ ಸಂಗತಿಗಳಿಗೂ ಬೆಲೆಯಿದೆ ಎಂದು ಸ್ಪಷ್ಟವಾಗಿ ಹೇಳಿ ಮುಗಿಯುತ್ತದೆ. ಅವರಿಗೆ ಬೇಸರವಿದ್ದದ್ದು ಒಂದು ಸಾಲು ಕೋಡ್ ಬರೆಯುವ ಮೊದಲೇ ಕಪಾಟು ತುಂಬುವ ಕಡತಗಳ ಮೇಲೆ. ಪಂಪ್ ಮನೆಯ ಮೊಳೆಗೆ ನೇತುಹಾಕುವ ಪುಸ್ತಿಕೆಯ ಮೇಲೆ ಅಲ್ಲ. ಅಷ್ಟೇ ಅಲ್ಲ, ಅಜೈಲ್ ತಂಡಗಳಲ್ಲಿ ಬಳಕೆದಾರರ ಮಾಹಿತಿಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದಕ್ಕೆಂದೇ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ: ಐಎಸ್‌ಒ/ಐಇಸಿ/ಐಇಇಇ 26515. 2011ರಲ್ಲಿ ಬಂತು, 2018ರಲ್ಲಿ ಪರಿಷ್ಕಾರವಾಯಿತು. ಗುಣಮಟ್ಟದ ಪ್ರಮಾಣಪತ್ರವನ್ನು ಸ್ವಾಗತ ಕೊಠಡಿಯಲ್ಲಿ ಚೌಕಟ್ಟು ಹಾಕಿಸಿ ನೇತುಹಾಕುವ ಕಂಪನಿಗಳು ಇದನ್ನೂ ಒಮ್ಮೆ ತರಿಸಿ ಓದಬೇಕೆಂದು ನನ್ನ ವಿನಂತಿ.

ಈಗಿನ ಕಂಪನಿಯಲ್ಲೂ ಇಂಥದೇ ಪ್ಯಾನಲ್; ಇಲ್ಲಿಗೆ ಬಂದ ಮೇಲೆ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಎಂದು ಬರೆಯುತ್ತೇನೆ. ಬೇರೆ ತಂಡಗಳವರಿಗೆ ಉಪಯೋಗವಾದೀತು.

ಮೊದಲು ಮಾಡಿದ್ದು ಬಹಳ ಸಣ್ಣ ಕೆಲಸ. ಇಂಜಿನಿಯರುಗಳ ಪ್ರತಿ ಟಿಕೆಟ್ಟಿನಲ್ಲೂ ಒಂದು ಹೊಸ ಖಾನೆ ಹಾಕಿಸಿದೆವು: ‘ಇದು ಮ್ಯಾನ್ಯುಯಲ್ಲನ್ನು ಮುಟ್ಟುತ್ತದೆಯೇ?’ ಹೌದು, ಇಲ್ಲ, ಗೊತ್ತಿಲ್ಲ. ‘ಗೊತ್ತಿಲ್ಲ’ ಎಂಬುದು ಅದರಲ್ಲಿ ಬೇಕೇ ಬೇಕು. ಅದಿಲ್ಲದಿದ್ದರೆ ಕೈ ತಾನಾಗಿ ‘ಇಲ್ಲ’ದ ಕಡೆ ಹೋಗುತ್ತದೆ. ‘ಹೌದು’ ಅಥವಾ ‘ಗೊತ್ತಿಲ್ಲ’ ಬಂದರೆ ಆ ಟಿಕೆಟ್ಟು ಅದೇ ನಿಮಿಷ ನಮ್ಮಲ್ಲಿ ಒಬ್ಬರ ಹೆಸರಿಗೆ ಬರುತ್ತದೆ, ಅವರು ನೋಡಿ ಗುರುತು ಹಾಕದೆ ಮುಚ್ಚುವುದಿಲ್ಲ. ಇದಕ್ಕೆ ಹಣ ಖರ್ಚಾಗಲಿಲ್ಲ. ಆದರೆ ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಬರೆಯುವವರ ಗುರುತಿಗಾಗಿ ಇಂಜಿನಿಯರು ಕಾಯಬೇಕೇ ಎಂಬ ಪ್ರಶ್ನೆ ಬಂದಾಗ ಆ ತೋಟದ ಪುಸ್ತಿಕೆಯ ಫೋಟೊವನ್ನು ಪರದೆಯ ಮೇಲೆ ಹಾಕಿ ತೋರಿಸಿದೆ. ಆಮೇಲೆ ಯಾರೂ ಕೇಳಲಿಲ್ಲ.

ಎರಡನೆಯದು, ಪುಸ್ತಕವನ್ನು ಪುಸ್ತಕವಾಗಿ ಬರೆಯುವುದನ್ನು ಬಿಟ್ಟೆವು. ನಾನು ಕೆಲಸಕ್ಕೆ ಸೇರಿದಾಗ ಫ್ರೇಮ್‌ಮೇಕರ್ ಎಂಬ ತಂತ್ರಾಂಶದಲ್ಲಿ ಒಂದು ಅಧ್ಯಾಯ ಒಂದು ಫೈಲ್. ಅದು ಒಬ್ಬರ ಕಂಪ್ಯೂಟರಿನಲ್ಲಿ. ಆ ಒಬ್ಬರಿಗೆ ಜ್ವರ ಬಂದರೆ ಅಧ್ಯಾಯಕ್ಕೂ ಜ್ವರ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನದಂಡವಾದ ‘ಡಿಟಾ’ ಎಂಬ ಬರವಣಿಗೆಯ ವಿಧಾನ ಈ ಗಂಟನ್ನು ಬಿಡಿಸುವ ಒಂದು ದಾರಿ ತೋರಿಸಿತು. ವಿಷಯವನ್ನು ಸಣ್ಣ ಸಣ್ಣ ತುಣುಕು ಮಾಡು. ಇದು ಏನು ಎಂದು ವಿವರಿಸುವ ತುಣುಕು ಬೇರೆ, ಹೇಗೆ ಮಾಡಬೇಕೆಂಬ ಹಂತಗಳ ತುಣುಕು ಬೇರೆ, ಅಳತೆ ಅಂಕಿಗಳ ಪಟ್ಟಿ ಬೇರೆ. ನಮ್ಮ ತಂಡ ಆ ವಿಧಾನವನ್ನು ಪೂರ್ತಿ ಹಿಡಿಯಲಿಲ್ಲ, ಅದರ ತಂತ್ರಾಂಶಗಳಿಗೆ ನಮ್ಮಲ್ಲಿ ದುಡ್ಡಿರಲಿಲ್ಲ. ತುಣುಕಿನ ವಿಚಾರವನ್ನಷ್ಟೇ ತೆಗೆದುಕೊಂಡೆವು. ಸಾದಾ ಪಠ್ಯದ ಫೈಲುಗಳಲ್ಲಿ ಬರೆದು, ಇಂಜಿನಿಯರುಗಳು ಕೋಡ್ ಇಡುವ, ಪ್ರತಿ ಬದಲಾವಣೆಯನ್ನೂ ನೆನಪಿಡುವ ‘ಗಿಟ್’ ಎಂಬ ಏರ್ಪಾಡಿನಲ್ಲಿಯೇ ಇಟ್ಟೆವು. ಈಗ ನಮ್ಮ ಮ್ಯಾನ್ಯುಯಲ್ಲು 112 ತುಣುಕು. ಆಂಪ್ಸ್ ಕಲಿಸುವುದು ಒಂದು ತುಣುಕು, ಅರ್ಧ ಪುಟ. ಯಾರು, ಯಾವ ದಿನ, ಯಾವ ಸಾಲನ್ನು, ಯಾವ ಟಿಕೆಟ್ಟಿಗಾಗಿ ಬದಲಿಸಿದರು ಎಂಬುದೆಲ್ಲ ಅದರ ಜೊತೆಯಲ್ಲೇ ಇರುತ್ತದೆ.

ಹೀಗಾದ ಮೇಲೆ ರಿವ್ಯೂ ತಾನಾಗಿಯೇ ಬದಲಾಯಿತು. 140 ಪುಟ ಓದಿ ಎಂದರೆ ಯಾರೂ ಓದುವುದಿಲ್ಲ. ‘ನಿಮ್ಮ ಬದಲಾವಣೆಯಿಂದ ಈ ಮೂರು ಸಾಲು ಬದಲಾಗಿದೆ, ಎರಡು ದಿನದಲ್ಲಿ ನೋಡಿ’ ಎಂದರೆ ಓದುತ್ತಾರೆ. ಹಂತಗಳಿರುವ ತುಣುಕಾದರೆ ಇನ್ನೊಂದು ಕಟ್ಟಳೆ ಇದೆ: ಪ್ಯಾನಲನ್ನು ಮೇಜಿನ ಮೇಲಿಟ್ಟು, ಬರೆದವರಲ್ಲದ ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾ ಒತ್ತಬೇಕು. ಇಂಜಿನಿಯರು ಪಕ್ಕದಲ್ಲಿ ಕೂತು ಮಾತಾಡದೆ ನೋಡಬೇಕು. ಮಾತಾಡದೆ ಇರುವುದೇ ಅವರಿಗೆ ಕಷ್ಟ. ನಮ್ಮ ಲೆಕ್ಕವಿಭಾಗದ ಹೆಣ್ಣುಮಗಳೊಬ್ಬರು ಹೀಗೆ ಒತ್ತುವಾಗ, ‘ಒತ್ತಿ ಹಿಡಿಯಿರಿ’ ಎಂದು ಬರೆದದ್ದನ್ನು ಓದಿ ಗುಂಡಿಯನ್ನು ಒತ್ತಿದರು, ಆಮೇಲೆ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಅವರು ಮಾಡಿದ್ದರಲ್ಲಿ ತಪ್ಪೇನಿದೆ? ಬರೆದದ್ದೇ ಹಾಗಿದೆ. ಈಗ ‘ಗುಂಡಿಯ ಮೇಲಿಂದ ಬೆರಳು ತೆಗೆಯದೆ 5ರವರೆಗೆ ಎಣಿಸಿ’ ಎಂದು ಬರೆಯುತ್ತೇವೆ. ತಿಪಟೂರಿನ ಆ ಹುಡುಗಿ ‘5 ಎಣಿಸು’ ಎಂದು ಅಂದೇ ಬರೆದುಕೊಂಡಿದ್ದಳು.

ಎಡವಿದ್ದನ್ನೂ ಹೇಳಬೇಕು. ಶುರುವಿನಲ್ಲಿ ಉತ್ಸಾಹದಿಂದ ಇಂಜಿನಿಯರುಗಳ ಸ್ಪ್ರಿಂಟಿನ ಹೆಜ್ಜೆಗೆ ಹೆಜ್ಜೆ ಹಾಕಿದೆವು. ಅವರು ಸೋಮವಾರ ಶುರುಮಾಡಿದ್ದನ್ನು ನಾವೂ ಸೋಮವಾರವೇ ಬರೆಯತೊಡಗಿದೆವು. ಅವರು ಬುಧವಾರ ಅದನ್ನು ಬಿಟ್ಟು ಬೇರೆ ಹಿಡಿದರೆ ನಮ್ಮ ಎರಡು ದಿನದ ಬರಹ ಕಸಕ್ಕೆ. ತಂಡದ ಹುಡುಗರು ಸೋತುಹೋದರು. ಮೇಲಾಗಿ ನಾವು ಆರು ಜನ, ಇಂಜಿನಿಯರುಗಳ ತಂಡ ನಾಲ್ಕು. ಒಬ್ಬೊಬ್ಬರೂ ಬೆಳಿಗ್ಗೆ ಎರಡು ಮೂರು ಕಡೆ ನಿಂತು ಮೀಟಿಂಗ್ ಮುಗಿಸುವಷ್ಟರಲ್ಲಿ ಹನ್ನೊಂದೂವರೆ. ಬರೆಯುವ ಕೆಲಸಕ್ಕೆ ಒಂದೂವರೆ ಗಂಟೆಯಾದರೂ ಅಡ್ಡಿಯಿಲ್ಲದ ಹೊತ್ತು ಬೇಕು, ಹದಿನೈದು ನಿಮಿಷದ ಚೂರುಗಳಲ್ಲಿ ಆಗುವುದಲ್ಲ.

ಆಮೇಲೆ ಎಲ್ಲಕ್ಕೂ ಒಂದೇ ತಾಳ ಬೇಡವೆಂದು ತೀರ್ಮಾನಿಸಿದೆವು. ಹೇಗೆ ಮಾಡಬೇಕೆಂಬ ಹಂತಗಳನ್ನು ಅದೇ ಸ್ಪ್ರಿಂಟಿನಲ್ಲಿ ಬರೆಯುತ್ತೇವೆ, ಆದರೆ ಎರಡನೇ ವಾರದಲ್ಲಿ. ಅಷ್ಟರೊಳಗೆ ಗುಂಡಿ ಯಾವುದೆಂದು ಗಟ್ಟಿಯಾಗಿರುತ್ತದೆ. ಇದು ಏನು, ಏಕೆ ಬೇಕು ಎಂಬ ವಿವರಣೆ ಮತ್ತು ಚಿತ್ರ ಒಂದು ಸ್ಪ್ರಿಂಟು ಹಿಂದೆ. ಅನುವಾದ ಎಲ್ಲಕ್ಕಿಂತ ಕೊನೆಗೆ, ಇನ್ನು ಬದಲಾಗದು ಎಂದಾದ ಮೇಲೆ. ಬೆಳಗಿನ ಮೀಟಿಂಗು ಒಬ್ಬರಿಗೆ ಒಂದೇ. ಮಿಕ್ಕ ತಂಡಗಳ ಸುದ್ದಿಯನ್ನು ಆ ಟಿಕೆಟ್ಟಿನ ಖಾನೆ ತರುತ್ತದೆ. ಅಚ್ಚಿಗೆ ಹೋಗುವ ಮೂರು ದಿನ ಮೊದಲು ಗುಂಡಿ, ತೆರೆ, ಅಂಕಿ ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಲೇಬೇಕಾದರೆ ಮುಟ್ಟಲಿ, ಆದರೆ ಗುಲಾಬಿ ಬಣ್ಣದ ತಿದ್ದುಪಡಿ ಚೀಟಿ ಅಚ್ಚಾಗಿ ಪೆಟ್ಟಿಗೆಯೊಳಗೆ ಪುಸ್ತಿಕೆಯ ಮೇಲೆ ಕೂರುವವರೆಗೆ ಸರಕು ಗೇಟು ದಾಟುವುದಿಲ್ಲ. ಎರಡು ವರ್ಷದಲ್ಲಿ ಆ ಚೀಟಿ ಮೂರು ಸಲ ಬೇಕಾಯಿತು.

ಇಷ್ಟು ಕಟ್ಟುನಿಟ್ಟಾದ ಮೇಲೆ ಗಂಟೆಗಳನ್ನು ಬಿಡಲು ಧೈರ್ಯ ಬಂತು. ನಮ್ಮಲ್ಲಿ ಬೆಳಿಗ್ಗೆ 11ರಿಂದ 1ರವರೆಗೆ ಎಲ್ಲರೂ ಸಿಗಬೇಕು, ಮನೆಯಲ್ಲಿದ್ದರೂ ಸರಿ, ಪೀಣ್ಯದಲ್ಲಿದ್ದರೂ ಸರಿ. ಪ್ಯಾನಲ್ ಒತ್ತಿ ನೋಡುವ ಬುಧವಾರ ಎಲ್ಲರೂ ಬರಬೇಕು. ಉಳಿದದ್ದು ಅವರವರ ಇಷ್ಟ. ಒಬ್ಬ ಹುಡುಗ ರಾತ್ರಿ ಬರೆಯುತ್ತಾನೆ, ಅದು ಅವನ ಆಯ್ಕೆ; ಅವನು ರಾತ್ರಿ ಕಳಿಸಿದ್ದಕ್ಕೆ ಯಾರೂ ರಾತ್ರಿಯೇ ಉತ್ತರಿಸಬೇಕಿಲ್ಲ. ತಂಡದ ಇನ್ನೊಬ್ಬ ಹುಡುಗಿ ಕೆಂಗೇರಿಯವಳು. ಹೆರಿಗೆ ರಜೆ ಮುಗಿಸಿ ಬಂದಾಗ ಕೆಲಸ ಬಿಡುವ ಯೋಚನೆಯಲ್ಲಿದ್ದಳು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಗಿದೆ ಎಂಬುದು ಎಲ್ಲರಿಗೂ ಗೊತ್ತು. ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕರ ಜೊತೆ ಮಾತಾಡಿಕೊಂಡು ಮನೆಯಿಂದ ಕೆಲಸ ಮಾಡಲು ಕಾಯಿದೆಯಲ್ಲೇ ಅವಕಾಶವಿದೆ ಎಂಬುದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. ನಮ್ಮ ಕೆಲಸದ ಸ್ವರೂಪ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅವಳು ಬೆಳಿಗ್ಗೆ ಆರರಿಂದ ಎಂಟೂವರೆ ಬರೆಯುತ್ತಾಳೆ, ಮಗು ಮಧ್ಯಾಹ್ನ ಮಲಗಿದಾಗ ರಿವ್ಯೂ ನೋಡುತ್ತಾಳೆ. ಮೂರು ದಿನ ಮಗುವಿಗೆ ಜ್ವರ ಬಂದರೆ ಅವಳ ತುಣುಕುಗಳನ್ನು ಇನ್ನೊಬ್ಬರು ತೆರೆದು ಮುಂದುವರಿಸುತ್ತಾರೆ, ಫೋನ್ ಮಾಡಿ ‘ಆ ಫೈಲ್ ಎಲ್ಲಿಟ್ಟಿದ್ದೀಯ’ ಎಂದು ಕೇಳುವುದಿಲ್ಲ. ಆ ಪತ್ರ ಬರೆದ ತರುಣನಿಗೆ ನಾನು ಹೇಳಬೇಕೆಂದಿದ್ದ ಮಾತು ಇದೇ. ನಿಮ್ಮ ರಾತ್ರಿಯ ಫೋನು ನಿಲ್ಲಬೇಕಾದರೆ, ಫೋನ್ ಮಾಡಿ ಕೇಳಬೇಕಾದ್ದೆಲ್ಲ ಹಗಲಿನಲ್ಲೇ ಬರೆದು ಇಟ್ಟಿರುವ ಏರ್ಪಾಡು ಬೇಕು. ಅದನ್ನು ಒತ್ತಾಯಿಸಿ ಕೇಳಿ.

ಇನ್ನು ಕನ್ನಡದ ವಿಚಾರ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು.

ಲೇತ್ ಯಂತ್ರ ತಯಾರಿಸುವ ಒಂದು ಕಾರ್ಖಾನೆಗೂ ನಾನು ಕೆಲವು ಕಾಲ ಬರೆದುಕೊಟ್ಟಿದ್ದೆ. ನಮ್ಮ ಯಂತ್ರ ಜರ್ಮನಿಗೆ ಹೋಗಬೇಕಾದರೆ ಜರ್ಮನ್ ಭಾಷೆಯ ಸೂಚನಾ ಪುಸ್ತಕ ಇಲ್ಲದೆ ಹೋಗುವಂತಿಲ್ಲ. ಐರೋಪ್ಯ ಒಕ್ಕೂಟದ 2006ರ ಯಂತ್ರ ನಿರ್ದೇಶನದಲ್ಲಿ ಹಾಗಿದೆ. ಮೂಲ ಪುಸ್ತಕದ ಮೇಲೆ ‘ಮೂಲ ಸೂಚನೆಗಳು’, ಅನುವಾದದ ಮೇಲೆ ‘ಮೂಲ ಸೂಚನೆಗಳ ಅನುವಾದ’ ಎಂದು ಅಚ್ಚು ಹಾಕಲೇಬೇಕು. ಅಲ್ಲಿನ ಕೆಲಸಗಾರನ ಬೆರಳನ್ನು ಕಾಪಾಡಲು ನಾವು ಇಲ್ಲಿ ಕೂತು ಅಷ್ಟು ಶ್ರದ್ಧೆ ಮಾಡುತ್ತಿದ್ದೆವು. ಇದೇ ಬೆಂಗಳೂರಿನಿಂದ ತಿಪಟೂರಿಗೆ ಹೋಗುವ ಪ್ಯಾನಲಿನೊಳಗೆ ಇಂಗ್ಲಿಷ್ ಪುಸ್ತಿಕೆ ಹಾಕಿ ಕಳಿಸುತ್ತಿದ್ದೆವು; ಅರ್ಥವನ್ನು ಶಾಲೆಯ ಹುಡುಗಿ ನೀಲಿ ಪೆನ್ನಿನಲ್ಲಿ ಬರೆದುಕೊಳ್ಳಬೇಕಿತ್ತು. ಈಗ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂದಿದೆ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಅದರಲ್ಲಿದೆ. ಕಾಯಿದೆಗಾಗಿ ಕೊನೆಯ ವಾರ ಯಾರಿಂದಲೋ ಪದಕ್ಕೆ ಪದ ಅನುವಾದ ಮಾಡಿಸಿ ಅಂಟಿಸಿದರೆ ಅದು ಯಾರಿಗೂ ಓದಲಾಗದ ಕನ್ನಡವಾಗುತ್ತದೆ. ‘ಮಿತಿಮೀರಿದ ಹೊರೆ ಸಂರಕ್ಷಣಾ ಸಾಧನವನ್ನು ಸಕ್ರಿಯಗೊಳಿಸಿ’ ಎಂದು ಒಬ್ಬರು ಬರೆದುಕೊಟ್ಟಿದ್ದರು. ತೋಟದಲ್ಲಿ ‘ಓವರ್‌ಲೋಡ್ ಆನ್ ಮಾಡಿ’ ಎಂದರೆ ಸಾಕು.

ಕನ್ನಡಕ್ಕೂ ಮೊದಲಿನಿಂದಲೇ ಜಾಗ ಇಡಬೇಕು, ಇದು ಬರಿಯ ಅಭಿಮಾನದ ಮಾತಲ್ಲ. ನಮ್ಮ ಪ್ಯಾನಲಿನ ತೆರೆ ಎರಡು ಸಾಲಿನದು, ಸಾಲಿಗೆ 16 ಅಕ್ಷರ, ಒಂದೊಂದು ಅಕ್ಷರಕ್ಕೂ ಅಡ್ಡ 5 ಉದ್ದ 8 ಚುಕ್ಕೆಯ ಜಾಗ. ಅದರೊಳಗೆ ‘ಸ್ತ್ರೀ’ಯಂಥ ಒತ್ತಕ್ಷರ ಕೂರುವುದಿಲ್ಲ. ಹಾಗಾಗಿ ತೆರೆಯ ಮೇಲಿನ ಇಂಗ್ಲಿಷ್ ಮಾತನ್ನು ಪುಸ್ತಿಕೆಯಲ್ಲಿ ಇದ್ದ ಹಾಗೇ ಚಿತ್ರವಾಗಿ ತೋರಿಸಿ, ಪಕ್ಕದಲ್ಲಿ ಅದನ್ನು ಹೇಗೆ ಓದಬೇಕು, ಏನರ್ಥ ಎಂದು ಕನ್ನಡದಲ್ಲಿ ಬರೆಯುತ್ತೇವೆ. ಒತ್ತು ಕೆಳಗಿಳಿಯುವುದರಿಂದ ಕನ್ನಡದ ಸಾಲಿಗೆ ಹೆಚ್ಚು ಎತ್ತರ ಬೇಕು. ಇಂಗ್ಲಿಷಿಗೆ ಅಳೆದು ಮಾಡಿದ ಚಿತ್ರದ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ನಮ್ಮ ಫೈಲಿಗೆ ಅಂಟಿಸಿದರೆ ಅರ್ಥವಿಲ್ಲದ ಗೆರೆಗಳಾಗುತ್ತವೆ; ಯೂನಿಕೋಡಿನಲ್ಲೇ ಬೇಕೆಂದು ಅನುವಾದಕರಿಗೆ ಮೊದಲೇ ಹೇಳಬೇಕು. ಇವೆಲ್ಲ ಅಚ್ಚಿನ ಹಿಂದಿನ ದಿನ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಈಗ ಎಲ್ಲ ಕಡೆ, ಮ್ಯಾನ್ಯುಯಲ್ ಬರೆಯಲು ಎಐ ಇದೆಯಲ್ಲ ಎಂಬ ಮಾತು. ನಾವೂ ಬಳಸುತ್ತೇವೆ. ಕರಡು ಬೇಗ ಬರುತ್ತದೆ, ವ್ಯಾಕರಣ ಚೆನ್ನಾಗಿರುತ್ತದೆ. ಆದರೆ ಗುರುವಾರ ಗುಂಡಿ ಬದಲಾದದ್ದನ್ನು ಯಾರೂ ಹೇಳದಿದ್ದರೆ ಅದೂ ನನ್ನ ಹಾಗೆಯೇ ಹಳೆಯ ಸಾಲನ್ನೇ ಬರೆಯುತ್ತದೆ, ನನಗಿಂತ ಚೆಂದವಾಗಿ. ಎಐ ಬಂತೆಂದು ತಂಡವನ್ನು ಅರ್ಧ ಮಾಡುವ ಕಂಪನಿಗಳು, ಆ ಪ್ಯಾನಲಿನ ಗುಂಡಿಯನ್ನು ಒತ್ತಿ ನೋಡುವ ಬೆರಳು ಯಾರದೆಂದು ಮೊದಲು ಬರೆದಿಡಲಿ.

ಕಂಪನಿಗಳನ್ನು ನಡೆಸುವವರಲ್ಲಿ, ವಿಶೇಷವಾಗಿ ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೆಳಗಾವಿಯ ಸಣ್ಣ ಕಾರ್ಖಾನೆಗಳವರಲ್ಲಿ ನನ್ನ ಬೇಡಿಕೆ ಇಷ್ಟೆ. ದೊಡ್ಡ ತಂತ್ರಾಂಶ ಬೇಡ, ಸಲಹೆಗಾರರು ಬೇಡ. ಬರೆಯುವವರನ್ನು ಮೊದಲ ಮೀಟಿಂಗಿಗೆ ಕರೆಯಿರಿ, ಟಿಕೆಟ್ಟಿನಲ್ಲಿ ಆ ಒಂದು ಖಾನೆ ಹಾಕಿ, ವಾರಕ್ಕೆ ಒಂದು ಗಂಟೆ ನಿಮ್ಮ ಇಂಜಿನಿಯರನ್ನು ಅವರ ಪಕ್ಕ ಕೂರಿಸಿ. ಬರೆಯುವವರೇ ಇಲ್ಲದ ಕಾರ್ಖಾನೆಗಳೂ ಬಹಳ ಇವೆ. ಅಲ್ಲಿ ಸರ್ವಿಸ್ ಹುಡುಗರಲ್ಲಿ ಚೆನ್ನಾಗಿ ವಿವರಿಸುವವನು ಒಬ್ಬ ಇದ್ದೇ ಇರುತ್ತಾನೆ, ಅವನಿಗೆ ಈ ಕೆಲಸ ಕೊಟ್ಟು, ಅದಕ್ಕೆ ಸಂಬಳವನ್ನೂ ಸಮಯವನ್ನೂ ಕೊಡಿ.

ಕಳೆದ ತಿಂಗಳು ಒಂದು ಮಂಗಳವಾರ ಹಿರಿಯೂರು ಕಡೆಯಿಂದ ಒಬ್ಬ ಹೆಣ್ಣುಮಗಳು ಪುಸ್ತಿಕೆಯ ಮೇಲಿನ ನಂಬರಿಗೆ ಫೋನ್ ಮಾಡಿದರು. ‘ನಾಲ್ಕನೇ ಚಿತ್ರದಾಗೆ ಗುಂಡಿ ಎಡಕ್ಕೈತೆ, ನಮ್ಮ ಪೆಟ್ಟಿಗೇಲಿ ಬಲಕ್ಕೈತೆ, ಯಾವುದನ್ನ ಒತ್ಲಿ?’ ಎಂದು ಕೇಳಿದರು. ಒತ್ತುವ ಮೊದಲು ಕೇಳಿದ್ದರು. ಕೆಂಗೇರಿಯ ಹುಡುಗಿ ಮನೆಯಿಂದಲೇ ಆ ತುಣುಕು ತೆರೆದಳು. ಬಾಗಿಲು ಎಡಕ್ಕೆ ತೆರೆಯುವ ಹೊಸ ಮಾದರಿಯ ಪೆಟ್ಟಿಗೆಗೆ ಹಳೆಯ ಚಿತ್ರ ಹೋಗಿತ್ತು. ಊಟದ ಹೊತ್ತಿಗೆ ಇಂಜಿನಿಯರು ನೋಡಿ ಹೌದೆಂದರು. ಮೂರು ಗಂಟೆಗೆ ಸರಿಯಾದ ಚಿತ್ರ ಆ ಹೆಣ್ಣುಮಗಳ ವಾಟ್ಸ್‌ಆ್ಯಪ್‌ಗೆ ಹೋಯಿತು, ಗೋದಾಮಿನಲ್ಲಿದ್ದ ಪೆಟ್ಟಿಗೆಗಳಿಗೆ ಗುಲಾಬಿ ಚೀಟಿ ಅಚ್ಚಿಗೆ ಹೋಯಿತು. ಸಂಜೆ ಅವರು ತಮ್ಮ ಪ್ಯಾನಲಿನ ಫೋಟೊ ತೆಗೆದು ಕಳಿಸಿದರು. ತೆರೆಯ ಮೇಲೆ ‘ಡ್ರೈ ರನ್ ಆನ್’ ಎಂದಿತ್ತು.

ಇತಿ ತಮ್ಮ ವಿಶ್ವಾಸಿ,
ಮ್ಯಾನ್ಯುಯಲ್ ಬರೆಯುವ ಒಬ್ಬ ಓದುಗಿ
ನಾಗಸಂದ್ರ, ಬೆಂಗಳೂರು